ಕರುವಿನ ಕಣ್ಣು, ಮಗುವಿನ ಕಣ್ಣು

ಬೇಸಿಗೆಯಲ್ಲಿ ಹಸಿರು ಮೇವು ಮುಗಿದು, ತಿಂಗಳುಗಟ್ಟಲೆ ಬರೀ ಒಣಹುಲ್ಲನ್ನೇ ಹಾಕಬೇಕಾಗಿ ಬಂದಾಗ ಕೆಲವು ಕರುಗಳು ಹಗಲೆಲ್ಲಾ ಚೆನ್ನಾಗಿಯೇ ಓಡಾಡಿಕೊಂಡಿದ್ದು, ಹೊತ್ತು ಮುಳುಗಿದ ಮೇಲೆ ಕೊಟ್ಟಿಗೆಯ ಕಂಬಕ್ಕೆ ಹಾಯುವುದನ್ನು ನಿಮ್ಮಲ್ಲಿ ಹಿರಿಯರಾದವರು ಕಂಡಿರಬಹುದು. ಕೃಷಿ ಡಿಪ್ಲೊಮಾ ತರಗತಿಯಲ್ಲಿ ನಮಗೆ ಇದನ್ನು ಪಾಠವಾಗಿ ಹೇಳಿಕೊಟ್ಟಿದ್ದರು. ಹಸಿರಿನಲ್ಲಿರುವ ಒಂದು ಸತ್ವ ಬಿಸಿಲಿಗೆ ಒಣಗಿದ ಹುಲ್ಲಿನಲ್ಲಿ ಉಳಿಯುವುದಿಲ್ಲ. ಅದು ಬಹುಕಾಲ ಸಿಗದೆ ಹೋದರೆ ದನಕರುಗಳಿಗೆ ಇರುಳುಗಣ್ಣು ಬರುತ್ತದೆ. ಹಸಿರು ಸಿಕ್ಕಿದರೆ ವಾಸಿಯಾಗುತ್ತದೆ.

ಹೋದ ಬೇಸಿಗೆಯಲ್ಲಿ ನನ್ನ ವಲಯದ ಒಂದು ಹಳ್ಳಿಯ ಮನೆಯವರು ಇಂಥದೇ ಒಂದು ಕರುವನ್ನು ತೋರಿಸಿದರು. ಬೇಲಿಯ ಅಗಸೆ ಮರದ ಸೊಪ್ಪನ್ನು ದಿನವೂ ಒಂದು ತೆಕ್ಕೆ ತರಿದು ಹಾಕುವಂತೆ ಹೇಳಿ ಬಂದೆ. ದನದ ಡಾಕ್ಟರನ್ನೂ ಕರೆಸಿ ತೋರಿಸಿದೆವು. ಕರು ಚೇತರಿಸಿಕೊಂಡಿತು. ಆ ದಿನ ಅದೇ ಮನೆಯ ಜಗುಲಿಯ ಮೇಲೆ ನಾಲ್ಕು ವರ್ಷದ ಒಬ್ಬ ಹುಡುಗ ಗೋಡೆಗೆ ಒರಗಿ ಕುಳಿತಿದ್ದ. ಸಂಜೆಯಾಗಿತ್ತು. ಬೀದಿಯಲ್ಲಿ ಬೇರೆ ಹುಡುಗರು ಆಡುತ್ತಿದ್ದರು. ಈತ ಇಳಿಯಲಿಲ್ಲ. ನಾನು ಅವನನ್ನು ನೋಡಿದೆ. ನೋಡಿ ಸುಮ್ಮನೆ ಬಂದೆ.

ಎರಡು ತಿಂಗಳ ಮೇಲೆ ಹೋಬಳಿಯ ಹೈಸ್ಕೂಲಿನಲ್ಲಿ ಕಣ್ಣಿನ ಶಿಬಿರ ನಡೆಯಿತು. ನಮ್ಮ ಹಳ್ಳಿಗಳಿಂದ ಪೊರೆ ಬಂದ ಮುದುಕರನ್ನು ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದೇ ಮನೆಯ ಸೊಸೆ ತಮ್ಮ ಅತ್ತೆಯನ್ನು ಕರೆತಂದಿದ್ದರು. ಸೆರಗು ಹಿಡಿದುಕೊಂಡು ಆ ಹುಡುಗನೂ ಬಂದಿದ್ದ. ಶಿಬಿರಕ್ಕೆ ಬಂದಿದ್ದ ಡಾಕ್ಟರು ಹಳ್ಳಿಗಳಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ಮುದುಕಿಯ ಕಣ್ಣನ್ನು ನೋಡುತ್ತಿದ್ದವರು ನಡುವೆ ನಿಲ್ಲಿಸಿ, "ಈ ಮಗು ಇಲ್ಲಿ ಬಾಗಿಲು ದಾಟುವಾಗ ಹೊಸ್ತಿಲನ್ನು ಕಾಲಿನಲ್ಲಿ ತಡಕಿತಲ್ಲ, ಯಾಕವ್ವಾ?" ಎಂದು ಕೇಳಿದರು. ಕಿಟಕಿಗಳನ್ನು ಮುಚ್ಚಿದ್ದ ಆ ಕೊಠಡಿಯೊಳಗೆ ಮಬ್ಬುಗತ್ತಲೆಯಿತ್ತು.

"ಸಂಜೆ ಆದ್ರೆ ಹಿಂಗೇ ಸ್ವಾಮಿ. ಜಗುಲಿ ಬಿಟ್ಟು ಇಳಿಯಕಿಲ್ಲ. ಊಟಕ್ಕೆ ಇಟ್ರೆ ತಟ್ಟೆ ತಡಕಾಡ್ತಾನೆ. ಎಲ್ಲೋ ಹೆದರ್ಕಂಡವ್ನೆ ಅಂತ ತಾಯಿತ ಕಟ್ಸಿದೀವಿ."

"ದೃಷ್ಟಿ ಆಗೈತೆ ಮಗೀಗೆ," ಎಂದು ಮುದುಕಿ ಸೇರಿಸಿದರು.

ಡಾಕ್ಟರು ನಗಲಿಲ್ಲ. ಮಗುವನ್ನು ಬೆಳಕಿಗೆ ಕರೆದುಕೊಂಡು ಹೋಗಿ, ಕಣ್ಣಿನ ಬಿಳಿಯ ಭಾಗದಲ್ಲಿ, ಕರಿಗುಡ್ಡೆಯ ಪಕ್ಕಕ್ಕೆ, ಸೋಪಿನ ನೊರೆ ಒಣಗಿ ಅಂಟಿಕೊಂಡಂತಿದ್ದ ಸಣ್ಣ ಮಚ್ಚೆಯನ್ನು ನನಗೆ ತೋರಿಸಿದರು. ಈಚೆಗೆ ಏನಾದರೂ ಕಾಯಿಲೆ ಬಿದ್ದಿದ್ದನೇ ಎಂದು ಕೇಳಿದಾಗ, ಶಿವರಾತ್ರಿಯ ಹೊತ್ತಿಗೆ ದಡಾರ ಎದ್ದಿತ್ತು, ಅದರ ಹಿಂದೆಯೇ ಬೇಧಿ ಹತ್ತಿತ್ತು ಎಂಬುದು ತಿಳಿಯಿತು. ಬೇಧಿ ನಿಂತ ಮೇಲೆಯೂ 'ಹೊಟ್ಟೆ ಕೆಡುತ್ತದೆ' ಎಂದು ಸೊಪ್ಪು, ಹಾಲು, ಹಣ್ಣು ಎಲ್ಲವನ್ನೂ ಬಿಡಿಸಿ ಬರೀ ಅನ್ನ, ತಿಳಿಸಾರು ಕೊಡುತ್ತಿದ್ದರಂತೆ.

"ಗ್ರಾಮಸೇವಕರೇ, ನೀವು ಬೇಸಾಯ ಓದಿದವರು. ಒಣಹುಲ್ಲು ತಿಂದ ಕರುವಿಗೆ ಸಂಜೆ ಕಣ್ಣು ಕಾಣದಿದ್ದರೆ ಏನು ಹಾಕಿಸುತ್ತೀರಿ?" ಎಂದು ಡಾಕ್ಟರು ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆಯುವ ಮೊದಲೇ ಆ ತಾಯಿ, "ನಮ್ಮ ಕರೀಗೂ ಹಿಂಗೇ ಆಗಿತ್ತು ಸ್ವಾಮಿ. ಇವ್ರೇ ಬಂದು ಅಗಸೆ ಸೊಪ್ಪು ಹಾಕ್ಸಿ ವಾಸಿ ಮಾಡಿದ್ರು," ಎಂದರು. ನನ್ನನ್ನು ಮೆಚ್ಚಿಕೊಂಡೇ ಆಡಿದ ಮಾತು ಅದು. ನನಗೆ ತಲೆಯೆತ್ತಿ ನಿಲ್ಲಲಾಗಲಿಲ್ಲ.

ಡಾಕ್ಟರು ಅದನ್ನು ಬೆಳೆಸಲಿಲ್ಲ. ಆದರೆ ಆ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿಯೂ, ಸಂಜೆ ಶಿಬಿರ ಮುಗಿದ ಮೇಲೆಯೂ ಅವರು ಆಡಿದ ಮಾತುಗಳನ್ನು ಬರೆದಿಟ್ಟುಕೊಂಡೆ. ನಾನು ವೈದ್ಯನಲ್ಲ. ಅವರಿಂದ ತಿಳಿದುದನ್ನು, ನನಗೆ ಗೊತ್ತಿರುವ ಹಿತ್ತಲು ಮತ್ತು ಕೊಟ್ಟಿಗೆಯ ವಿಷಯದೊಡನೆ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಕಣ್ಣಿನ ಒಳಗೆ, ಹಿಂಭಾಗದ ಗೋಡೆಗೆ, ತೆಳುವಾದ ಒಂದು ಪರದೆ ಉಂಟು. ನಾವು ನೋಡುವ ವಸ್ತುವಿನ ಬೆಳಕು ಬಂದು ಬೀಳುವುದು ಅದರ ಮೇಲೆ. ಮಬ್ಬುಬೆಳಕಿನಲ್ಲಿ ನೋಡುವುದಕ್ಕೆಂದೇ ಅಲ್ಲಿ ಸುಮಾರು 12 ಕೋಟಿ ಸೂಕ್ಷ್ಮ ಕಣಗಳಿದ್ದು, ಅವುಗಳಲ್ಲಿ ನಸುಗೆಂಪಾದ ಒಂದು ಬಣ್ಣದ ವಸ್ತು ತುಂಬಿರುತ್ತದೆ. ಬೆಳಕು ಬಿದ್ದಾಗ ಈ ಬಣ್ಣ ಮಾಸುತ್ತದೆ. ಕತ್ತಲೆಯಲ್ಲಿ ಮತ್ತೆ ತಯಾರಾಗುತ್ತದೆ. ಉರಿಬಿಸಿಲಿನಿಂದ ನಡುಮನೆಗೆ ಬಂದಾಗ ಮೊದಲು ಏನೂ ಕಾಣದೆ, ಸ್ವಲ್ಪ ಹೊತ್ತಿನ ಮೇಲೆ ಒಂದೊಂದೇ ಪಾತ್ರೆ ಪಡಗ ಕಾಣತೊಡಗುವುದು ಇದರಿಂದಲೇ. ಈ ಬಣ್ಣವನ್ನು ಮತ್ತೆ ಮತ್ತೆ ಮಾಡುವುದಕ್ಕೆ ಬೇಕಾದ ಸಾಮಗ್ರಿಗೆ 'ಎ' ಜೀವಸತ್ವ ಎಂದು ಹೆಸರು. ಅದು ಕಡಿಮೆಯಾದರೆ ಮೊದಲು ಕೆಡುವುದು ಸಂಜೆಯ ನೋಟ. ಹಗಲಿನಲ್ಲಿ ಮಗು ಎಲ್ಲರಂತೆಯೇ ಇರುವುದರಿಂದ ಮನೆಯವರಿಗೆ ಗೊತ್ತಾಗುವುದಿಲ್ಲ. ಹಟ, ಹೆದರಿಕೆ, ಪೀಡೆ ಎಂದು ಏನೇನೋ ಅಂದುಕೊಳ್ಳುತ್ತಾರೆ.

ಇದೇ ಜೀವಸತ್ವ ಕಣ್ಣಿನ ಮೇಲ್ಮೈಯನ್ನು ತೇವವಾಗಿ, ನುಣುಪಾಗಿ ಇಡಲಿಕ್ಕೂ ಬೇಕು. ಕೊರತೆ ಮುಂದುವರಿದರೆ ಕಣ್ಣು ಒಣಗಿ ಹೊಳಪು ಹೋಗುತ್ತದೆ, ನೊರೆಯಂಥ ಮಚ್ಚೆ ಕಾಣುತ್ತದೆ. ಅಲ್ಲಿಗೂ ಎಚ್ಚರಗೊಳ್ಳದಿದ್ದರೆ ಕರಿಗುಡ್ಡೆಯ ಮೇಲಿನ ಗಾಜಿನಂಥ ಪದರ ಹುಣ್ಣಾಗಿ, ಕೆಲವೇ ದಿನಗಳಲ್ಲಿ ಮೆತ್ತಗಾಗಿ ಕರಗಿಯೇ ಹೋಗಬಹುದು. "ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಂಥ ಮಕ್ಕಳನ್ನು ನೋಡಿದ್ದೇನೆ. ಸೋಮವಾರ ಇದ್ದ ಕಣ್ಣು ಶನಿವಾರಕ್ಕೆ ಇರುತ್ತಿರಲಿಲ್ಲ. ಈಗ ಅಪರೂಪ. ಆದರೆ ಅಪರೂಪವೆಂದು ಮರೆತರೆ ಮತ್ತೆ ಬರುತ್ತದೆ," ಎಂದರು ಡಾಕ್ಟರು. ಇರುಳುಗಣ್ಣನ್ನು ಆ ಹಂತದಲ್ಲೇ ಗುರುತಿಸಿ ಔಷಧಿ ಕೊಟ್ಟರೆ ಕೆಲವೇ ದಿನಗಳಲ್ಲಿ ನೋಟ ಮರಳುತ್ತದೆ. ಕರಗಿದ ಕಣ್ಣನ್ನು ಯಾವ ಔಷಧಿಯೂ ತಂದುಕೊಡಲಾರದು. ಎರಡರ ನಡುವೆ ಕೆಲವು ವಾರಗಳ ವಾಯಿದೆ ಮಾತ್ರ ಇರಬಹುದು.

ದಡಾರದ ವಿಷಯವನ್ನು ಇಲ್ಲಿ ಬಿಡಿಸಿ ಹೇಳಬೇಕು. 'ಎ' ಜೀವಸತ್ವವನ್ನು ದೇಹವು ಯಕೃತ್ತಿನಲ್ಲಿ, ಎಂದರೆ ಜನ ಲಿವರ್ ಎನ್ನುವ ಅಂಗದಲ್ಲಿ, ಹಗೇವಿನಲ್ಲಿ ರಾಗಿ ತುಂಬಿಟ್ಟ ಹಾಗೆ ಕೂಡಿಟ್ಟುಕೊಳ್ಳುತ್ತದೆ. ಸುಗ್ಗಿಯಲ್ಲಿ ಚೆನ್ನಾಗಿ ತಿಂದ ಮಗು ಸ್ವಲ್ಪ ಕಾಲ ಕೊರತೆಯನ್ನು ತಡೆದುಕೊಳ್ಳುವುದು ಇದರಿಂದ. ಆದರೆ ದಡಾರ ಬಂತೆಂದರೆ ಆ ದಾಸ್ತಾನು ಬೇಗ ಬೇಗ ಖರ್ಚಾಗುತ್ತದೆ. ಬೇಧಿಯಾದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಆ ಸಮಯದಲ್ಲಿ ನಾವು ಪಥ್ಯವೆಂದು ಸೊಪ್ಪನ್ನೂ ಹಾಲನ್ನೂ ಬಿಡಿಸಿಬಿಟ್ಟರೆ ಹಗೇವು ಬರಿದಾಗುತ್ತದೆ. ಕಾಯಿಲೆಯಿಂದ ಎದ್ದ ಮಗುವಿಗೆ ಬೇಕಾದದ್ದು ಪಥ್ಯವಲ್ಲ, ಹೆಚ್ಚಿನ ಆಹಾರ. ದಡಾರ ಬಂದ ಮಗುವನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದರೆ ಅಲ್ಲಿ 'ಎ' ಜೀವಸತ್ವವನ್ನೂ ಕೊಡುತ್ತಾರೆ. ದಡಾರವೇ ಬಾರದಂತೆ ಒಂಬತ್ತು ತಿಂಗಳು ತುಂಬಿದಾಗ ಒಂದು, ಒಂದೂವರೆ ವರ್ಷದ ಆಸುಪಾಸಿನಲ್ಲಿ ಮತ್ತೊಂದು ಚುಚ್ಚುಮದ್ದು ಹಾಕಿಸುವುದು ಇನ್ನೂ ಮೇಲು. ಈ ಹುಡುಗನಿಗೆ ಎರಡನೆಯದು ಆಗಿರಲಿಲ್ಲ.

ಸರ್ಕಾರದ ಕಡೆಯಿಂದ 'ಎ' ಜೀವಸತ್ವದ ದ್ರಾವಣವನ್ನು ಮಕ್ಕಳಿಗೆ ಕುಡಿಸುವ ಕಾರ್ಯಕ್ರಮ 1970ರಲ್ಲಿ ಆರಂಭವಾಯಿತು, ಈಗಲೂ ನಡೆಯುತ್ತಿದೆ. ಒಂಬತ್ತು ತಿಂಗಳಿಗೆ ದಡಾರದ ಚುಚ್ಚುಮದ್ದಿನ ಜೊತೆ 1 ಲಕ್ಷ ಯೂನಿಟ್, ಆಮೇಲೆ ಒಂದೂವರೆ ವರ್ಷದಿಂದ ಐದು ವರ್ಷ ತುಂಬುವವರೆಗೆ ಆರು ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್. ಒಟ್ಟು 9 ಸಲ. ಇದಕ್ಕೆ ದುಡ್ಡಿಲ್ಲ. ಮೊದಲ ಸಲ ಎಲ್ಲರೂ ಹಾಕಿಸುತ್ತಾರೆ, ಏಕೆಂದರೆ ಚುಚ್ಚುಮದ್ದಿನ ಜೊತೆ ಬರುತ್ತದೆ. ಮೂರನೆಯದು, ನಾಲ್ಕನೆಯದರ ಹೊತ್ತಿಗೆ ಮಗು ಅಜ್ಜಿ ಮನೆಗೆ ಹೋಗಿರುತ್ತದೆ, ಇಲ್ಲವೆ ಗುಳೆ ಹೋದ ತಾಯಿತಂದೆಯರ ಜೊತೆ ಬೇರೆ ಊರಿನಲ್ಲಿರುತ್ತದೆ. ತಾಯಿ ಕಾರ್ಡನ್ನು ತೆಗೆದು ನೋಡಿ. ಬಿಟ್ಟುಹೋಗಿದ್ದರೆ ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿಯವರನ್ನೋ ಕೇಳಿ. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಒಳ್ಳೆಯದೆಂದು ಅಂಗಡಿಯಿಂದ ಮಾತ್ರೆ ತಂದು ತಾವೇ ಕೊಡಬಾರದು. ಈ ಜೀವಸತ್ವ ಮೈಯಲ್ಲಿ ಶೇಖರವಾಗುವಂಥದು. ಅತಿಯಾದರೆ ವಾಂತಿ, ತಲೆನೋವು ಬರುತ್ತದೆ. ಬಸುರಿಯರಂತೂ ಡಾಕ್ಟರು ಹೇಳದೆ ಅಂಥ ಮಾತ್ರೆಯನ್ನು ಮುಟ್ಟಕೂಡದು, ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ಊಟದಲ್ಲಿ ತಿನ್ನುವ ಸೊಪ್ಪು, ಹಣ್ಣಿನಿಂದ ಈ ಅಪಾಯವಿಲ್ಲ. ತುಂಬು ಬಸುರಿಗೆ ಸಂಜೆ ಕಣ್ಣು ಮಂಜಾದರೆ ಅದನ್ನು 'ಬಸುರಿನಲ್ಲಿ ಹೀಗೇ' ಎಂದು ಬಿಡದೆ ದಾದಿಗೆ ತಿಳಿಸಿ.

ಇನ್ನು ಆಹಾರ. ರಾಗಿಯ ವಿಷಯದಲ್ಲಿ ನಮಗೆ ಅಭಿಮಾನವಿದೆ, ಇರಬೇಕಾದದ್ದೇ. ಮೂಳೆಗೆ ಬೇಕಾದ ಸುಣ್ಣದ ಅಂಶ ಅಕ್ಕಿಗಿಂತ ಅದರಲ್ಲಿ ಎಷ್ಟೋ ಪಾಲು ಹೆಚ್ಚು. ಆದರೆ ಕಣ್ಣಿಗೆ ಬೇಕಾದ ಈ ಸತ್ವ ರಾಗಿಯಲ್ಲಿಲ್ಲವೆಂದೇ ಹೇಳಬೇಕು, ಅಕ್ಕಿಯಲ್ಲಂತೂ ಇಲ್ಲ. ಮುದ್ದೆಯ ಜೊತೆ ಏನಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹಾಲು, ಬೆಣ್ಣೆ, ತುಪ್ಪ, ಮೊಟ್ಟೆಯ ಹಳದಿ ಭಾಗ, ಲಿವರ್, ಇವುಗಳಲ್ಲಿ 'ಎ' ಜೀವಸತ್ವ ಸಿದ್ಧವಾಗಿಯೇ ಇರುತ್ತದೆ. ಸೊಪ್ಪುಗಳಲ್ಲೂ ಹಳದಿ ಹಣ್ಣುಗಳಲ್ಲೂ ಇರುವುದು ಕ್ಯಾರೋಟಿನ್ ಎಂಬ ಕಚ್ಚಾ ಸಾಮಗ್ರಿ. ಅದನ್ನು ನಮ್ಮ ದೇಹ ಜೀವಸತ್ವವಾಗಿ ಮಾಡಿಕೊಳ್ಳುತ್ತದೆ. ಹಸುವಿನ ತುಪ್ಪ ಹಳದಿಯಾಗಿ ಎಮ್ಮೆಯ ತುಪ್ಪ ಬೆಳ್ಳಗಿರುವುದು ಇದರಿಂದಲೇ. ಹಸುವು ತಿಂದ ಹಸಿರಿನ ಕ್ಯಾರೋಟಿನ್ ಸ್ವಲ್ಪ ಹಾಗೆಯೇ ಹಾಲಿಗೆ ಇಳಿಯುತ್ತದೆ. ಎಮ್ಮೆಯು ಅದನ್ನು ಜೀವಸತ್ವವಾಗಿ ಮಾರ್ಪಡಿಸಿಯೇ ಹಾಲಿಗೆ ಬಿಡುತ್ತದೆ. ಆದ್ದರಿಂದ ಬಿಳಿಯದೆಂದು ಎಮ್ಮೆ ಹಾಲನ್ನು ಕಡೆಗಣಿಸಬೇಕಾಗಿಲ್ಲ. ಹಾಲನ್ನೆಲ್ಲಾ ಡೈರಿಗೆ ಹಾಕಿ ಮನೆಯ ಮಕ್ಕಳಿಗೆ ಬರೀ ಟೀ ಕೊಡುವ ಮನೆಗಳು ನನ್ನ ವಲಯದಲ್ಲಿ ಎಷ್ಟಿವೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಓದುವವರಿಗೇ ಗೊತ್ತು.

ಡಾಕ್ಟರು ಕ್ಯಾರೆಟ್ಟಿನ ಮಾತನ್ನೇ ಎತ್ತಲಿಲ್ಲ. "ಪೇಟೆಯಿಂದ ಕೊಂಡು ತರುವುದನ್ನು ಹೇಳಿದರೆ ಒಂದು ವಾರ ಮಾಡುತ್ತಾರೆ. ಹಿತ್ತಲಲ್ಲಿರುವುದನ್ನು ಹೇಳಬೇಕು," ಎಂದರು. ನುಗ್ಗೆಸೊಪ್ಪು, ದಂಟಿನ ಸೊಪ್ಪು, ಕೀರೆ, ಅಗಸೆ, ಹೊನಗೊನೆ, ಮೆಂತ್ಯ, ಕರಿಬೇವು. ಸೊಪ್ಪು ಕಡುಹಸಿರಾದಷ್ಟೂ ಒಳ್ಳೆಯದು, ಬೆಳ್ಳಗಿರುವ ಎಲೆಕೋಸಿನಲ್ಲಿ ಅಷ್ಟಿಲ್ಲ. ಹಣ್ಣುಗಳಲ್ಲಿ ಪರಂಗಿ ಮತ್ತು ಮಾವು, ತರಕಾರಿಯಲ್ಲಿ ಒಳಗೆ ಚೆನ್ನಾಗಿ ಹಳದಿಯಾದ ಸಿಹಿಗುಂಬಳ. ಕರುವಿಗೆ ಹಾಕಿದ ಆ ಅಗಸೆ ಸೊಪ್ಪನ್ನು ಮನುಷ್ಯರೂ ತಿನ್ನುತ್ತಾರೆ ಎಂಬುದು ಆ ಮನೆಯವರಿಗೆ ಗೊತ್ತಿತ್ತು. ಅದು ಮಗುವಿಗೂ ಬೇಕು ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಅಡುಗೆಯ ರೀತಿಯಲ್ಲಿ ನಮ್ಮ ತಾಯಂದಿರಿಗೆ ಹೇಳಿಕೊಡುವಂಥದು ಹೆಚ್ಚೇನಿಲ್ಲ. ಬಸ್ಸಾರು ಬಹಳ ಒಳ್ಳೆಯ ಪದ್ಧತಿ. ಬೇಯಿಸಿದ ನೀರು ಸಾರಿಗೆ, ಸೊಪ್ಪು ಪಲ್ಯಕ್ಕೆ, ಏನೂ ಚೆಲ್ಲುವುದಿಲ್ಲ. ಆದರೆ ಬಡಿಸುವಾಗ ಪಲ್ಯ ದೊಡ್ಡವರಿಗೆ ಹೋಗಿ ಸಾರು ಮಕ್ಕಳಿಗೆ ಬರುತ್ತದೆ. ಈ ಸತ್ವ ನೀರಿನಲ್ಲಿ ಕರಗುವುದಿಲ್ಲ, ಸೊಪ್ಪಿನಲ್ಲೇ ಉಳಿಯುತ್ತದೆ. ಎಣ್ಣೆ ತುಪ್ಪದಲ್ಲಿ ಕರಗುತ್ತದೆ. ಆದ್ದರಿಂದ ಸೊಪ್ಪು ಮಗುವಿನ ಬಾಯಿಗೆ ಹೋಗಬೇಕು, ಜೊತೆಗೆ ಒಂದು ಚಮಚ ಎಣ್ಣೆಯೋ ತುಪ್ಪವೋ ಇರಬೇಕು. ಮಸ್ಸೊಪ್ಪಾದರೆ ಮಕ್ಕಳಿಗೆ ನುಂಗಲು ಇನ್ನೂ ಸುಲಭ. ಪಾತ್ರೆಗೆ ಮುಚ್ಚಳ ಹಾಕಿ ಬೇಯಿಸಿ. ಸೊಪ್ಪನ್ನು ಒಣಗಿಸಿ ಇಡುವವರು ಬಿಸಿಲಿಗೆ ಹಾಕದೆ ನೆರಳಿನಲ್ಲಿ ಒಣಗಿಸಿ. ಬಿಸಿಲಿನಲ್ಲಿ ಹುಲ್ಲಿಗೆ ಆಗುವುದೇ ಸೊಪ್ಪಿಗೂ ಆಗುತ್ತದೆ.

ಸೊಪ್ಪು ತಿಂದರೆ ಮಗುವಿಗೆ ಬೇಧಿಯಾಗುತ್ತದೆ ಎಂಬ ನಂಬಿಕೆಯ ಬಗ್ಗೆ ನಾನೇ ಕೇಳಿದೆ. ತೊಳೆಯದ ಸೊಪ್ಪು, ಕೊಳಕು ಕೈ, ಕುದಿಸದ ನೀರು, ಇವುಗಳಿಂದ ಬೇಧಿಯಾಗುತ್ತದೆಯೇ ಹೊರತು ಚೆನ್ನಾಗಿ ಬೆಂದ ಸೊಪ್ಪಿನಿಂದಲ್ಲ ಎಂದರು. ಆರು ತಿಂಗಳು ತುಂಬಿದ ಮಗುವಿಗೆ, ನಾರು ತೆಗೆದು ನುಣ್ಣಗೆ ಮಸೆದ ಸೊಪ್ಪನ್ನು ಒಂದು ಚಮಚದಿಂದ ಆರಂಭಿಸಿ ಮೆಲ್ಲಗೆ ಹೆಚ್ಚಿಸಬಹುದಂತೆ. ಅದಕ್ಕೂ ಮೊದಲಿನ ಆರು ತಿಂಗಳು ತಾಯಿಯ ಹಾಲು ಮಾತ್ರ. ಹೆತ್ತ ಕೂಡಲೇ ಬರುವ ಹಳದಿ ಬಣ್ಣದ ಗಟ್ಟಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವ ಮನೆಗಳು ಇನ್ನೂ ಅಲ್ಲಲ್ಲಿ ಇವೆ. ಹಸು ಈದರೆ ಗಿಣ್ಣುಹಾಲನ್ನು ಕರುವಿಗೆ ಕುಡಿಸದಿದ್ದರೆ ಕರು ಉಳಿಯುವುದಿಲ್ಲವೆಂದು ನಿಮಗೆ ಗೊತ್ತು. ಅದೇ ಹಾಲು ಇದು. 'ಎ' ಜೀವಸತ್ವ ಅದರಲ್ಲಿ ತುಂಬಿರುತ್ತದೆ.

ನಡುವೆ ಒಂದು ಮಾತು, ಇದು ಡಾಕ್ಟರದಲ್ಲ, ನನ್ನದು. ನಮ್ಮ ಅಜ್ಜಿಯರು ಮುಂಗಾರಿನಲ್ಲಿ ಹೊಲದ ಬದುಗಳಲ್ಲಿ ಹತ್ತಾರು ಬಗೆಯ ಬೆರಕೆ ಸೊಪ್ಪನ್ನು ಮಡಿಲಿಗೆ ಕಿತ್ತು ತರುತ್ತಿದ್ದರು. ಕಳೆನಾಶಕ ಹೊಡೆಯುವುದು ಬಂದ ಮೇಲೆ ಆ ಸೊಪ್ಪುಗಳ ಹೆಸರೂ ಮಕ್ಕಳಿಗೆ ತಿಳಿಯದಂತಾಗಿದೆ. ಕಳೆನಾಶಕವನ್ನು ಹೊಡೆಯಲೇಬೇಡಿ ಎಂದು ಹೇಳಲು ನನ್ನಿಂದಾಗದು, ಕೂಲಿಯ ಕಷ್ಟ ನನಗೂ ಗೊತ್ತಿದೆ. ಮನೆಯ ಹತ್ತಿರದ ಒಂದು ಬದುವನ್ನಾದರೂ ಹೊಡೆಯದೆ ಬಿಡಿ. ಹೊಡೆದ ಹೊಲದ ಸೊಪ್ಪನ್ನು ಮಾತ್ರ ಖಂಡಿತ ತರಬೇಡಿ.

ಊಟವಾದ ಮೇಲೆ ಸರದಿಯಲ್ಲಿ ಬಂದವನು ನಮ್ಮ ಪಕ್ಕದ ಊರಿನ ರೈತ. ವಯಸ್ಸು ನಲವತ್ತರ ಸುಮಾರು. ಹಿಂದಿನ ಸುಗ್ಗಿಯಲ್ಲಿ ಭತ್ತ ಬಡಿಯುವಾಗ ಬಲಗಣ್ಣಿಗೆ ಹೊಟ್ಟಿನ ಚೂರು ಬಿತ್ತು. ಮನೆಯಲ್ಲಿ ಹರಳೆಣ್ಣೆ ಬಿಟ್ಟರು. ಮಾರನೆಯ ದಿನ ಯಾರೋ ಹೇಳಿದ ಸೊಪ್ಪಿನ ರಸ ಹಿಂಡಿದರು. ಕೆಂಪು ಹೋಗದಿದ್ದಾಗ ಅಂಗಡಿಯಲ್ಲಿ ಕೇಳಿ ಒಂದು ತೊಟ್ಟು ಮದ್ದು ತಂದು ಹಾಕಿದರು. ಎರಡು ದಿನ ಕೆಂಪು ಇಳಿಯಿತು. ಹತ್ತು ದಿನಕ್ಕೆ ಕರಿಗುಡ್ಡೆಯ ಮೇಲೆ ಬಿಳಿಯ ಹೂ ಬಿದ್ದಿತು. ಈಗ ಆ ಕಣ್ಣಿಗೆ ಬೆಳಕು ಕತ್ತಲೆ ಬಿಟ್ಟು ಬೇರೇನೂ ತಿಳಿಯುವುದಿಲ್ಲ.

ಹೊಟ್ಟು, ಕಬ್ಬಿನ ಗರಿ, ಜೋಳದ ಎಲೆ, ಮುಳ್ಳು, ಇವು ಕಣ್ಣಿಗೆ ತಾಗಿದಾಗ ಗಾಯ ಕಾಣದಷ್ಟು ಚಿಕ್ಕದಿರಬಹುದು. ಆದರೆ ಗಿಡದ ವಸ್ತುವಿನ ಮೇಲೆ ಬೂಷ್ಟಿನ ಜಾತಿಯ ರೋಗಾಣು ಇರುತ್ತದೆ. ತೇವವಾದ ಹುಲ್ಲಿಗೆ ಹಿಡಿಯುವ ಬೂಷ್ಟಿನ ದಾಯಾದಿ ಎಂದುಕೊಳ್ಳಿ. ಅದು ಗಾಯದಲ್ಲಿ ಬೇರೂರಿದರೆ ಹುಣ್ಣಾಗುತ್ತದೆ. ಅಂಗಡಿಯಲ್ಲಿ ಕೊಡುವ ಕೆಲವು ತೊಟ್ಟು ಮದ್ದುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಅದು ಕೆಂಪನ್ನೂ ನೋವನ್ನೂ ಬೇಗ ಇಳಿಸಿ, ಒಳಗೆ ಬೂಷ್ಟು ಹಬ್ಬಲು ದಾರಿ ಮಾಡಿಕೊಡುತ್ತದೆ. "ಕೆಂಪು ಇಳಿಯಿತೆಂದು ಖುಷಿಪಟ್ಟ ಆ ಎರಡು ದಿನಗಳಲ್ಲೇ ಈತನ ಕಣ್ಣು ಹೋಯಿತು," ಎಂದು ಡಾಕ್ಟರು ಬೇಸರದಿಂದ ಹೇಳಿದರು. ಎದೆಹಾಲು, ಕೋಳಿಯ ರಕ್ತ, ಸೊಪ್ಪಿನ ರಸ, ಹರಳೆಣ್ಣೆ ಯಾವುದನ್ನೂ ಗಾಯವಾದ ಕಣ್ಣಿಗೆ ಬಿಡಕೂಡದು. ಉಜ್ಜಕೂಡದು. ಸೆರಗಿನ ತುದಿಯಿಂದ, ನಾಲಗೆಯಿಂದ ತೆಗೆಯುವ ಸಾಹಸವೂ ಬೇಡ. ಶುದ್ಧವಾದ ನೀರನ್ನು ಧಾರಾಳವಾಗಿ ಹಾಕಿ ತೊಳೆದು, ಆಮೇಲೂ ಚುಚ್ಚುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಒಕ್ಕಣೆ ಮಾಡುವಾಗ, ಕಬ್ಬು ಕಡಿಯುವಾಗ, ಔಷಧಿ ಹೊಡೆಯುವಾಗ ಸಾದಾ ಗಾಜಿನ ಕನ್ನಡಕ ಹಾಕಿಕೊಂಡರೆ ಈ ಗಾಯಗಳಲ್ಲಿ ಬಹುಪಾಲು ತಪ್ಪುತ್ತವೆ. ಊರಿನಲ್ಲಿ ನಗುತ್ತಾರೆ ಎನ್ನುವುದು ನಿಜ. ನಾನು ಹಾಕಿಕೊಂಡಾಗಲೂ ನಕ್ಕಿದ್ದಾರೆ. ರಾಗಿಯ ತೆನೆಯನ್ನು ರಸ್ತೆಯ ಮೇಲೆ ಹರಡಿ ಗಾಡಿಗಳ ಕೈಯಲ್ಲಿ ಒಕ್ಕಿಸುವ ಅಭ್ಯಾಸದಿಂದ ಬೈಸಿಕಲ್, ಮೋಟಾರ್ ಸೈಕಲ್ಲಿನಲ್ಲಿ ಹೋಗುವವರ ಕಣ್ಣಿಗೆ ಹೊಟ್ಟು ಹಾರುವುದನ್ನೂ ಇದರ ಜೊತೆಗೆ ಸೇರಿಸಬೇಕು. ಕಣ ಮಾಡಿಕೊಳ್ಳಲು ಜಾಗವಿಲ್ಲದವರ ಕಷ್ಟ ಬೇರೆ. ಜಾಗವಿದ್ದವರೂ ರಸ್ತೆಗೇ ತರುತ್ತಾರೆ.

ಎಲೆಅಡಿಕೆಯ ಸುಣ್ಣದ ವಿಷಯ ಚಿಕ್ಕದಾಗಿ ಕಂಡರೂ ಅದನ್ನು ಡಾಕ್ಟರು ಎರಡು ಸಲ ಹೇಳಿದರು. ಸುಣ್ಣದ ಪೊಟ್ಟಣ, ಟ್ಯೂಬುಗಳನ್ನು ಮಕ್ಕಳು ಹಿಸುಕಿ ಆಡುತ್ತಾರೆ. ಒಡೆದು ಕಣ್ಣಿಗೆ ಚಿಮ್ಮುತ್ತದೆ. ಸುಣ್ಣವು ಕಣ್ಣನ್ನು ಒಳಗೊಳಗೇ ಸುಡುತ್ತಾ ಹೋಗುವ ವಸ್ತು. ಹಾಗಾದರೆ ಗಾಡಿ ಹುಡುಕಲು ಓಡುವ ಮೊದಲು, ಇದ್ದ ಜಾಗದಲ್ಲೇ, ರೆಪ್ಪೆಗಳನ್ನು ಅಗಲಿಸಿ ಹಿಡಿದು, ಚೊಂಬಿನ ಮೇಲೆ ಚೊಂಬು ನೀರನ್ನು ಅರ್ಧ ಗಂಟೆ ಹೊಯ್ಯಬೇಕು. ಆಮೇಲೆ ಆಸ್ಪತ್ರೆ. ಅಜ್ಜಿಯ ಎಲೆಅಡಿಕೆ ಚೀಲ ಮಗುವಿನ ಕೈಗೆ ಎಟುಕದಂತೆ ಮೊಳೆಗೆ ನೇತುಹಾಕುವುದು ಎಲ್ಲಕ್ಕಿಂತ ಸುಲಭ. ಗೋಡೆಗೆ ಸುಣ್ಣ ಬಳಿಯುವಾಗಲೂ, ಕೀಟನಾಶಕ ಚಿಮ್ಮಿದಾಗಲೂ ಇದೇ ಕ್ರಮ, ಮೊದಲು ನೀರು.

ದೊಡ್ಡವರ ಕಣ್ಣಿನ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಪೊರೆ ಮುಪ್ಪಿನ ಜೊತೆ ಬರುವಂಥದು. ತೊಟ್ಟು ಮದ್ದಿನಿಂದ ಕರಗುವುದಿಲ್ಲ, ಶಸ್ತ್ರಚಿಕಿತ್ಸೆಯೊಂದೇ ದಾರಿ. 'ಇನ್ನೂ ಹಣ್ಣಾಗಿಲ್ಲ' ಎಂದು ಕಾಯುವುದು ಹಳೆಯ ಕಾಲದ ಮಾತು. ಈಗ ಒಳಗೇ ಚಿಕ್ಕ ಮಸೂರವನ್ನು ಕೂರಿಸುತ್ತಾರೆ. ನೋಟಕ್ಕೆ ತೊಂದರೆಯಾದಾಗಲೇ ಮಾಡಿಸಬಹುದು. ಅತಿಯಾಗಿ ಹಣ್ಣಾದರೆ ಕಣ್ಣಿನೊಳಗೆ ಒತ್ತಡ ಏರಿ ನೋಟವೇ ಹೋಗುವ ಅಪಾಯವುಂಟು. ಬೀಳಗಿಯಲ್ಲಿ ಹುಟ್ಟಿದ ಡಾಕ್ಟರ್ ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಾಲೆ, ಛತ್ರಗಳಲ್ಲಿ ಸಾಲಾಗಿ ಪೊರೆ ತೆಗೆಯುತ್ತಿದ್ದುದನ್ನು ನೆನೆಯುವ ಹಿರಿಯರು ಈಗಲೂ ಇದ್ದಾರೆ. ಅವರಿಗೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂದವು, 2005ರಲ್ಲಿ ತೀರಿಕೊಂಡರು. ಆ ದಿನಗಳಲ್ಲಿ ಪೊರೆ ತೆಗೆಸಿಕೊಂಡವರು ಆಮೇಲೆ ದಪ್ಪ ಗಾಜಿನ ಕನ್ನಡಕವನ್ನು ಜೀವಮಾನವೆಲ್ಲಾ ಹಾಕಿಕೊಳ್ಳಬೇಕಿತ್ತು. ಮಸೂರ ಬಂದ ಮೇಲೆ ಅದು ತಪ್ಪಿದೆ.

ನಲವತ್ತು ದಾಟಿದ ಮೇಲೆ ಸೂಜಿಗೆ ದಾರ ಪೋಣಿಸಲು, ಅಕ್ಕಿಯ ಕಲ್ಲು ಆರಿಸಲು ಆಗದಿದ್ದರೆ ಅದು ರೋಗವಲ್ಲ, ಚಾಳೀಸು; ಒಂದು ಕನ್ನಡಕ ಸಾಕು. ಸಕ್ಕರೆ ಕಾಯಿಲೆಯವರು ಮಾತ್ರ, ನೋವಿರಲಿ ಇಲ್ಲದಿರಲಿ, ನೋಟ ಚೆನ್ನಾಗಿದ್ದರೂ ಕೂಡ, ವರ್ಷಕ್ಕೊಮ್ಮೆ ಕಣ್ಣಿನ ಪರದೆಯನ್ನು ಪರೀಕ್ಷೆ ಮಾಡಿಸಿಕೊಳ್ಳಬೇಕು. ಅಲ್ಲಿ ರಕ್ತನಾಳ ಕೆಡುವುದು ತಿಳಿಯುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ಸಂಜೆ ಸಾಮಾನು ಕಟ್ಟುವಾಗ ಡಾಕ್ಟರು ಇನ್ನೊಂದು ವಿಷಯ ಹೇಳಿದರು. "ಗಂಡಸರು ಕಣ್ಣು ಸ್ವಲ್ಪ ಮಂಜಾದಾಗಲೇ ಬರುತ್ತಾರೆ. ಹೆಂಗಸರು ಬರುವುದು ಗೋಡೆ ಹಿಡಿದು ನಡೆಯುವಂತಾದ ಮೇಲೆ. ಎಷ್ಟೋ ಸಲ ಮಗ ಕರೆತಂದರೂ ಮುದುಕಿಯೇ 'ನನಗ್ಯಾಕೆ, ಅವನಿಗೆ ನೋಡಿ' ಎನ್ನುತ್ತಾಳೆ." ಊಟದಲ್ಲೂ ಇದೇ ಆಗುತ್ತದೆ. ಕೊನೆಗೆ ಉಣ್ಣುವ ಸೊಸೆಯ ತಟ್ಟೆಗೆ ಬರುವುದು ಮಡಕೆಯ ತಳದ ತಿಳಿ. ಆಕೆಯ ಹಾಲು ಕುಡಿಯುವ ಮಗುವಿನ ಕಣ್ಣೂ ಆ ತಟ್ಟೆಯ ಮೇಲೆಯೇ ನಿಂತಿದೆ. ಸ್ನಾನದ ನೀರು ಕಾಯಿಸುವ ಸೌದೆ ಒಲೆಯ ಹೊಗೆಯೂ ಆಕೆಯ ಕಣ್ಣಿಗೇ. ಮನೆಗೆ ಗ್ಯಾಸ್ ಬಂದಿದ್ದರೂ ನೀರೊಲೆಗೆ ಹೊಗೆಕೊಳವೆ ಹಾಕಿಸದ ಮನೆಗಳೇ ಹೆಚ್ಚು.

ಹುಡುಗನಿಗೆ ಆ ದಿನವೇ ಒಂದು ಸಲ, ಮರುದಿನ ಇನ್ನೊಂದು ಸಲ, ಎರಡು ವಾರ ಬಿಟ್ಟು ಮತ್ತೊಂದು ಸಲ ದ್ರಾವಣ ಕುಡಿಸಿದರು. ಐದನೆಯ ದಿನ ಸಂಜೆ ನಾನು ಆ ಕಡೆ ಹೋದಾಗ ಅವನು ಜಗುಲಿಯ ಮೇಲಿರಲಿಲ್ಲ. ಬೀದಿಯ ಆ ಕೊನೆಯಲ್ಲಿ ಬೇರೆ ಹುಡುಗರ ಹಿಂದೆ ಹಳೆಯ ಟೈರು ಉರುಳಿಸಿಕೊಂಡು ಓಡುತ್ತಿದ್ದ. ಅವನ ಅಜ್ಜಿಗೂ ಪೊರೆ ತೆಗೆದಿದ್ದರು. "ದೃಷ್ಟಿ ಬಂತಪ್ಪಾ ಇಬ್ಬರಿಗೂವೆ," ಎಂದರು ಆಕೆ.

ಅವರ ಹಿತ್ತಲಲ್ಲಿ ಈಗ ಒಂದು ನುಗ್ಗೆ, ಎರಡು ಪರಂಗಿ, ದಂಟಿನ ಒಂದು ಮಡಿ ಇವೆ. ಮಾಡುವವರ ಅನುಕೂಲಕ್ಕಾಗಿ ವಿವರ ಕೊಡುತ್ತೇನೆ. ದಂಟನ್ನು ಒಂದೇ ಸಲ ಎಲ್ಲವನ್ನೂ ಚೆಲ್ಲದೆ ಹದಿನೈದು ದಿನಕ್ಕೊಮ್ಮೆ ಒಂದು ಮಾರು ಉದ್ದ ಬಿತ್ತಿದರೆ, ತಿಂಗಳ ಮೇಲೆ ಸರದಿಯಂತೆ ಕೀಳಬಹುದು. ಪರಂಗಿಯಲ್ಲಿ ಗಂಡು ಹೆಣ್ಣು ಬೇರೆ ಬೇರೆ ಇರುವುದರಿಂದ ಗುಣಿಗೆ ಮೂರು ಸಸಿ ನೆಟ್ಟು, ಹೂ ಬಂದ ಮೇಲೆ ಹೆಣ್ಣನ್ನು ಉಳಿಸಿಕೊಂಡು ಮಿಕ್ಕದ್ದನ್ನು ಕೀಳಬೇಕು. ಇಡೀ ಹಿತ್ತಲಿಗೆ ಒಂದು ಗಂಡು ಇದ್ದರೆ ಸಾಕು. ಬಚ್ಚಲ ನೀರನ್ನು ಬಾಳೆಗೆ ಬಿಡಿ, ಪರಂಗಿಗೆ ಬೇಡ. ಬುಡದಲ್ಲಿ ನೀರು ನಿಂತರೆ ಪರಂಗಿ ಕೊಳೆಯುತ್ತದೆ. ಸಿಹಿಗುಂಬಳದ ಎರಡು ಬೀಜವನ್ನು ತಿಪ್ಪೆಯ ಪಕ್ಕದಲ್ಲಿ ಊರಿದರೆ ಅದು ತನ್ನ ಪಾಡಿಗೆ ತಾನು ಹಬ್ಬುತ್ತದೆ. ನುಗ್ಗೆಗೆ ಮೊದಲ ಮಳೆಯಾದ ಮ್ಯಾಲೆ ಮೂರು ನಾಲ್ಕು ಅಡಿ ಉದ್ದದ, ಮಣಿಕಟ್ಟಿನ ಗಾತ್ರದ ಬಲಿತ ಕೊಂಬೆಯನ್ನು ನೆಡಬೇಕು. ಬೀಜದಿಂದ ಬೆಳೆಸುವವರಿಗೆ ತಮಿಳುನಾಡಿನ ಪೆರಿಯಕುಳಂನಿಂದ ಬಂದ ಪಿ.ಕೆ.ಎಂ.-1 ತಳಿ ಒಳ್ಳೆಯದು. ಸೊಪ್ಪಿಗಾಗಿ ಬೆಳೆಸುವುದಾದರೆ ಮರವನ್ನು ಎತ್ತರಕ್ಕೆ ಬಿಡದೆ ಎದೆಯ ಮಟ್ಟಕ್ಕೆ ಕತ್ತರಿಸುತ್ತಿರಿ. ಮಕ್ಕಳ ತಾಯಿಗೆ ಏಣಿಯಿಲ್ಲದೆ ಕೈಗೆ ಎಟುಕುವಂತಿರಬೇಕು.

ನುಗ್ಗೆಯ ಕೊಂಬೆ ಬೇಕಾದವರು ಮಳೆ ಹಿಡಿಯುವ ಮೊದಲೇ ನನಗೆ ತಿಳಿಸಿದರೆ, ಹಳ್ಳಿಗೆ ಬರುವ ದಿನ ಕಡಿಸಿ ತರುತ್ತೇನೆ. ಸಂಜೆಯ ಹೊತ್ತು ಜಗುಲಿ ಬಿಟ್ಟು ಇಳಿಯದ ಮಗು ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಇದ್ದರೆ ಅದನ್ನೂ ತಿಳಿಸಿ. ಅದಕ್ಕೆ ನಾನು ಬರುವ ದಿನದವರೆಗೆ ಕಾಯಬೇಡಿ.